ಗ್ಲೆಂಕೋ ಕಣಿವೆ

ಸ್ಕಾಟ್ಲೆಂಡಿನ ಪಶ್ಚಿಮದ ಬೆಟ್ಟಸೀಮೆಯಲ್ಲಿ ಗ್ಲೆಂಕೋ ಎಂಬುದೊಂದು ಇಕ್ಕಟ್ಟಾದ ಕಣಿವೆ. ಸುಮಾರು 42 ಕೋಟಿ ವರ್ಷಗಳ ಹಿಂದೆ ಇಲ್ಲೊಂದು ಅಗ್ನಿಪರ್ವತ ಉರಿದು, ಕಡೆಗೆ ನೆಲವೇ ಒಳಕ್ಕೆ ಕುಸಿಯಿತು. ಭೂವಿಜ್ಞಾನಿಗಳು 1909ರಲ್ಲಿ ಇದನ್ನು ವಿವರಿಸಿದ ಮೇಲೆ ಕಣಿವೆಯ ಹೆಸರು ಅವರ ಶಾಸ್ತ್ರದಲ್ಲಿ ನೆಲೆನಿಂತಿತು. ಬಹುಕಾಲದ ಮೇಲೆ ಹಿಮನದಿಗಳು ಬಂಡೆಯನ್ನು ಉಜ್ಜಿ ಕಣಿವೆಯನ್ನು ಆಳವಾಗಿ ತೋಡಿದುವು. ದಕ್ಷಿಣಕ್ಕೆ 1150 ಮೀಟರ್ ಎತ್ತರದ ಬಿಡಿಯನ್ ನಮ್ ಬಿಯನ್ ಶಿಖರ. ಉತ್ತರಕ್ಕೆ ಗರಗಸದ ಹಲ್ಲಿನಂಥ ಬೆಟ್ಟದ ಸಾಲು. ನಡುವೆ ಹರಿಯುವ ಕೋ ನದಿ ಲೆವೆನ್ ಎಂಬ ಕಡಲ ತೋಳನ್ನು ಕೂಡುತ್ತದೆ. ಹೊರಗಿನವರ ಕಣ್ಣಿಗೆ ಬೀಳದ ಒಂದು ಮರೆಗಣಿವೆಯೂ ಉಂಟು. ಲೂಟಿ ಮಾಡಿದ ದನಗಳನ್ನು ಇಲ್ಲಿನ ಮ್ಯಾಕ್‌ಡೊನಾಲ್ಡರು ಅಲ್ಲಿ ಬಚ್ಚಿಡುತ್ತಿದ್ದರಂತೆ. ಆದರೆ ಬಾಗಿಲಿಗೆ ಬಂದವನು ವೈರಿಯಾದರೂ ಅವನಿಗೆ ಊಟ, ಆಸರೆ ಕೊಡುವುದು ಆ ಸೀಮೆಯ ಧರ್ಮ.

ಆ ಧರ್ಮವೇ ಅವರಿಗೆ ಮುಳುವಾಯಿತು. ಪದಚ್ಯುತನಾದ ಜೇಮ್ಸ್ ದೊರೆಯ ಕಡೆಗಿದ್ದ ಕುಲಗಳೆಲ್ಲ 1692ರ ಜನವರಿ 1ರೊಳಗೆ ಹೊಸ ದೊರೆ ವಿಲಿಯಂಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆಜ್ಞೆಯಾಗಿತ್ತು. ಗ್ಲೆಂಕೋದ ಮುದಿನಾಯಕ ಮ್ಯಾಕ್‌ಇಯನ್ ಡಿಸೆಂಬರ್ 31ರಂದು ಫೋರ್ಟ್ ವಿಲಿಯಂ ಕೋಟೆಗೆ ಹೋದ. ಪ್ರಮಾಣ ಮಾಡಿಸುವ ಅಧಿಕಾರ ತನಗಿಲ್ಲವೆಂದು ಅಲ್ಲಿನ ಕರ್ನಲ್ ಹಿಲ್ ಅವನನ್ನು ಇನ್‌ವೆರಾರಿಗೆ ಕಳಿಸಿದ. ಹಿಮದಲ್ಲಿ ಅಲ್ಲಿಗೆ ಹೋಗಿ ಅವನು ಪ್ರಮಾಣ ಮಾಡಿದ್ದು ಜನವರಿ 6ರಂದು. ಮಂತ್ರಿ ಜಾನ್ ಡಾಲ್‌ರಿಂಪಲ್‌ಗೆ ಅಷ್ಟು ತಡವೇ ಸಾಕಾಯಿತು.

ಫೆಬ್ರವರಿಯ ಮೊದಲಲ್ಲಿ ಕ್ಯಾಪ್ಟನ್ ರಾಬರ್ಟ್ ಕ್ಯಾಂಪ್‌ಬೆಲ್‌ನ ಸುಮಾರು 120 ಸಿಪಾಯಿಗಳು ಬಂದು ಬಿಡಾರ ಕೇಳಿದರು. ಕ್ಯಾಂಪ್‌ಬೆಲ್‌ನ ಸೋದರಸಂಬಂಧದ ಹೆಣ್ಣು ನಾಯಕನ ಕಿರಿಯ ಸೊಸೆ. ಹನ್ನೆರಡು ದಿನ ಅವರೆಲ್ಲ ಒಂದೇ ಒಲೆಯ ಮುಂದೆ ಉಂಡರು, ಇಸ್ಪೀಟು ಆಡಿದರು. 12ರಂದು ಆಜ್ಞೆ ಬಂತು: ಎಪ್ಪತ್ತು ವರ್ಷದೊಳಗಿನವರನ್ನೆಲ್ಲ ಕೊಲ್ಲತಕ್ಕದ್ದು. 13ರ ನಸುಕಿನ ಐದು ಗಂಟೆಗೆ ಕೊಲೆ ಮೊದಲಾಯಿತು. ಹಾಸಿಗೆಯಿಂದ ಏಳುತ್ತಿದ್ದ ಮುದುಕನನ್ನೂ ಗುಂಡಿಟ್ಟು ಕೊಂದರು. ಸತ್ತವರು ಸುಮಾರು 38 ಮಂದಿ; ಬೆಟ್ಟಕ್ಕೆ ಓಡಿದ ಹೆಂಗಸರು ಮಕ್ಕಳಲ್ಲಿ ಹಲವರು ಚಳಿಗೆ ಸತ್ತರು. ಆದರೂ ಆ ಹಿಮವೇ ಅನೇಕರನ್ನು ಕಾಯಿತೆನ್ನಬೇಕು. ಮೂಡಣ ಕಣಿವೆದಾರಿಗಳನ್ನು ಕಟ್ಟಬೇಕಾಗಿದ್ದ ಇನ್ನೊಂದು ಪಡೆ ಹಿಮಗಾಳಿಯಿಂದ ತಡವಾಗಿ ಬಂದದ್ದರಿಂದ ನಾಯಕನ ಇಬ್ಬರು ಮಕ್ಕಳೂ ಬಹುಮಂದಿ ಕುಲದವರೂ ಪಾರಾದರು.

ಇದನ್ನು ಕ್ಯಾಂಪ್‌ಬೆಲ್ಲರಿಗೂ ಮ್ಯಾಕ್‌ಡೊನಾಲ್ಡರಿಗೂ ಇದ್ದ ಕುಲವೈರವೆಂದು ಹೇಳುವ ವಾಡಿಕೆಯುಂಟು. ನನಗೆ ಅದು ಒಪ್ಪಿಗೆಯಾಗದು. ಹಳೆಯ ವೈರ ಇದ್ದದ್ದು ನಿಜವೇ. ಆದರೆ ಆಜ್ಞೆ ಹೊರಟದ್ದು ಮಂತ್ರಿಯ ಕಚೇರಿಯಿಂದ. ಅದಕ್ಕೆ ದೊರೆಯ ಸಹಿ ಇತ್ತು. ಪಾಲಿಸಿದವರು ಸರ್ಕಾರದ ಸಂಬಳದ ಸಿಪಾಯಿಗಳು, ಅವರಲ್ಲಿ ಎಲ್ಲರೂ ಕ್ಯಾಂಪ್‌ಬೆಲ್ಲರಲ್ಲ. ಕುಲದ ಮೇಲೆ ಹೊರಿಸಿದರೆ ಕಚೇರಿ ತಪ್ಪಿಸಿಕೊಳ್ಳುತ್ತದೆ.

ಉಂಡ ಮನೆಗೆ ಎರಡು ಬಗೆದು ಮಾಡಿದ ಕೊಲೆಗೆ ಸ್ಕಾಟ್ಲೆಂಡಿನ ಕಾನೂನಿನಲ್ಲಿ ಬೇರೆಯೇ ಹೆಸರಿತ್ತು. ಅದು ಸಾಮಾನ್ಯ ಕೊಲೆಗಿಂತ ಘೋರವೆಂದು ಎಣಿಕೆ. 1695ರಲ್ಲಿ ವಿಚಾರಣೆ ನಡೆದು, ಇದು ಕೊಲೆಯೇ ಎಂದು ಅಲ್ಲಿನ ಪಾರ್ಲಿಮೆಂಟು ನಿರ್ಣಯಿಸಿತು. ದೊರೆಯ ಮೇಲೆ ತಪ್ಪು ಹೊರಿಸಲಿಲ್ಲ. ಡಾಲ್‌ರಿಂಪಲ್ ಮಂತ್ರಿಪದವಿ ಕಳೆದುಕೊಂಡ. 1703ರಲ್ಲಿ ಅವನಿಗೆ ಅರ್ಲ್ ಪದವಿ ಬಂತು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಗ್ಲೆಂಕೋ ಊರಿನಲ್ಲಿ 1883ರಲ್ಲಿ ನಿಲ್ಲಿಸಿದ ಕಲ್ಲಿನ ಶಿಲುಬೆಯ ಬುಡದಲ್ಲಿ ಪ್ರತಿವರ್ಷ ಫೆಬ್ರವರಿ 13ರಂದು ಹೂವಿಡುತ್ತಾರೆ.