ಮಾಮೂಲ್‌ಪೇಟೆಯಿಂದ ಗಾಂಧಿ ಬಜಾರಿಗೆ

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ಭಾನುವಾರ ಬೆಳಿಗ್ಗೆ ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾಯುವವರನ್ನು ನೀವು ನೋಡಿರುತ್ತೀರಿ. ಕೆಲವರು ಪೇಪರ್ ಓದುತ್ತಾರೆ, ಕೆಲವರು ಮೊಬೈಲ್ ನೋಡುತ್ತಾರೆ, ದೂರದ ಊರಿನಿಂದ ಬಂದವರು ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬಾಗಿಲಿನಿಂದ ಹೆಸರು ಕೂಗಿದಾಗ ಎದ್ದು ಒಳಗೆ ಹೋಗಬೇಕು. ನನ್ನ ಹೆಸರು ಕೂಗಿದಾಗಲೆಲ್ಲ ನನಗೆ ತಾತನ ನೆನಪಾಗುತ್ತದೆ.

ತಾತ ಮಾಗಡಿ ಕಡೆಯವರು. ಸ್ವಾತಂತ್ರ್ಯಕ್ಕೆ ಮೊದಲಿನ ವರ್ಷಗಳಲ್ಲಿ ಬಾಡಿಗೆ ಗಾಡಿ ಹೊಡೆದುಕೊಂಡು ಮಾಮೂಲ್‌ಪೇಟೆಯ ಮಂಡಿಗಳಿಗೆ ಸಾಮಾನು ತಂದು ಇಳಿಸುತ್ತಿದ್ದರು. ರಾತ್ರಿಯೆಲ್ಲ ಗಾಡಿ ಹೊಡೆದು ಬೆಳಗಿನ ಜಾವ ಪೇಟೆ ಸೇರಿದಾಗ ಅವರಿಗೆ ಬೇಕಾಗಿದ್ದು ಒಂದು ಲೋಟ ಬಿಸಿ ಕಾಫಿ. ಹತ್ತಿರದಲ್ಲೇ ಹೋಟೆಲಿತ್ತು. ಆದರೆ ಅವರ ಜಾತಿಯವರು ಮುಂಬಾಗಿಲಿನಿಂದ ಹೋಗುವಂತಿರಲಿಲ್ಲ. ಹಿಂದಿನ ಓಣಿಯ ಕಿಟಕಿಯ ಹತ್ತಿರ ನಿಲ್ಲಬೇಕಿತ್ತು. ಅಲ್ಲಿ ಗೂಡಿನಲ್ಲಿ ಬೇರೆ ಲೋಟಗಳಿದ್ದವು. ಮೇಲಿನಿಂದ ಕಾಫಿ ಸುರಿಯುತ್ತಿದ್ದರು. ಕುಡಿದಾದ ಮೇಲೆ ತಾವೇ ತೊಳೆದು ಬೋರಲು ಹಾಕಿ ಬರಬೇಕು. ಆ ಹೋಟೆಲು ಈಗಿಲ್ಲ. ತಾತ ಅದರ ಬಗ್ಗೆ ಸಿಟ್ಟಿನಿಂದ ಮಾತಾಡಿದ್ದು ನಾನು ಕೇಳಿಲ್ಲ. ‘ಕಾಫಿ ಚೆನ್ನಾಗಿತ್ತು ಕಣ್ಲಾ’ ಅನ್ನುತ್ತಿದ್ದರು. ಆ ಮಾತೇ ನನ್ನನ್ನು ಇಷ್ಟು ವರ್ಷ ಕಾಡಿದೆ.

ಹೋದ ತಿಂಗಳು ಮಾಮೂಲ್‌ಪೇಟೆಯಿಂದಲೇ ಹೊರಟು, ಮಾರ್ಕೆಟ್ಟು ದಾಟಿ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಮುಂದೆ ಹಾದು, ಶಂಕರಪುರದ ಮೇಲೆ ಗಾಂಧಿ ಬಜಾರಿನವರೆಗೆ ನಡೆದೆ. ದಾರಿಯುದ್ದಕ್ಕೂ ಪತ್ರಿಕೆಗಳು, ಟೀವಿಗಳು, ಪ್ರವಾಸಿ ಪುಸ್ತಕಗಳು ಹೊಗಳಿದ ಪುಟ್ಟ ಹೋಟೆಲುಗಳಿವೆ. ರುಚಿಯ ಬಗ್ಗೆ ಬೇಕಾದಷ್ಟು ಬರಹ ಬಂದಿದೆ. ಅವುಗಳ ಬಾಗಿಲಿನ ಚರಿತ್ರೆಯನ್ನೂ ಒಮ್ಮೆ ನೋಡಬೇಕು ಅನ್ನಿಸಿತು.

ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಕಸುಬುಗಳ ಊರು. ಒಂದೊಂದು ಕಸುಬಿಗೆ, ಒಂದೊಂದು ಸರಕಿಗೆ ಒಂದೊಂದು ಬೀದಿ. ಮನೆಯ ಮುಂಭಾಗದಲ್ಲಿ ಅಂಗಡಿ, ಹಿಂದೆ ಒಲೆ. ದುಡ್ಡು ಕೊಟ್ಟು ಹೊರಗೆ ಉಣ್ಣುವುದು ಮರ್ಯಾದೆಯ ಕೆಲಸವಾಗಿರಲಿಲ್ಲ. ಅನ್ನವನ್ನು ಮಾರಬಾರದು ಎಂಬ ನಂಬಿಕೆ ಒಂದು ಕಡೆ, ಯಾರು ಬೇಯಿಸಿದ್ದು ಎಂಬ ಭಯ ಇನ್ನೊಂದು ಕಡೆ. ಇದನ್ನು ಅಲುಗಿಸಿದ್ದರಲ್ಲಿ 1898ರ ಪ್ಲೇಗಿನ ಪಾಲೂ ಇದೆ. ಇಕ್ಕಟ್ಟಾದ ಪೇಟೆಯಲ್ಲಿ ಜನ ಸಾಲುಸಾಲಾಗಿ ಸತ್ತರು. ಚಾಮರಾಜಪೇಟೆ 1892ರಲ್ಲೇ ಹುಟ್ಟಿತ್ತು. ಪ್ಲೇಗಿನ ನಂತರ ಅಗಲ ರಸ್ತೆಗಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಲ್ಲಿಗೆ ಸರ್ಕಾರಿ ಗುಮಾಸ್ತರು, ಮೇಷ್ಟ್ರುಗಳು, ವಕೀಲರು ಬಂದರು. ಅವರ ಹಿಂದೆಯೇ ಬಾಡಿಗೆ ಕೋಣೆಯಲ್ಲಿದ್ದು ಓದುವ ಹುಡುಗರೂ ಬಂದರು. ಮನೆಯ ಒಲೆಯಿಂದ ದೂರವಿದ್ದ ಈ ಜನಕ್ಕೆ ತಿಂಡಿ ಬೇಕಿತ್ತು.

ಅದನ್ನು ಮಾಡಿ ಬಡಿಸಿದವರಲ್ಲಿ ಹೆಚ್ಚಿನವರು ಕರಾವಳಿಯ ಉಡುಪಿ, ಕುಂದಾಪುರ, ಕೋಟ, ಸಾಲಿಗ್ರಾಮದ ಬಡ ಹುಡುಗರು. ಗೇಣಿ ಜಮೀನಿನಲ್ಲಿ ದೊಡ್ಡ ಕುಟುಂಬ ಸಾಕಲಾಗದೆ ಘಟ್ಟ ಹತ್ತಿದವರು. ಯಾರದೋ ಮನೆಯಲ್ಲಿ ಅಡುಗೆಗೆ ಸೇರಿ, ಪಾತ್ರೆ ತೊಳೆದು, ಕಾಸು ಕೂಡಿಸಿ ಹೋಟೆಲಿಟ್ಟವರು. ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯ ಮತ್ತು ಸೋದರರು 1924ರಲ್ಲಿ ಲಾಲ್‌ಬಾಗ್ ಬಳಿ ಶುರುಮಾಡಿದ ಪುಟ್ಟ ಹೋಟೆಲಿನ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು.

ಆ ಹೆಸರನ್ನು ಇವತ್ತಿನ ಕಣ್ಣಿನಿಂದ ನೋಡಿ ಸುಮ್ಮನೆ ಬೈದುಬಿಡುವುದು ಸುಲಭ. ಅಂದಿನ ಗಿರಾಕಿಗೆ ಅದು ಒಂದು ಭರವಸೆಯ ಚೀಟಿ: ಬ್ರಾಹ್ಮಣರು ಬೇಯಿಸಿದ್ದು, ಆದ್ದರಿಂದ ಯಾರು ತಿಂದರೂ ಜಾತಿ ಕೆಡುವುದಿಲ್ಲ. ಹೊರಗೆ ತಿನ್ನುವ ಭಯವನ್ನು ಓಡಿಸಿದ್ದೇ ಆ ಮಾತು. ಬೇಯಿಸುವ ಕೈ ಯಾರದು ಎಂಬ ಪ್ರಶ್ನೆಗೆ ಫಲಕ ಉತ್ತರ ಹೇಳಿತು. ಆದರೆ ಯಾರ ಪಕ್ಕದಲ್ಲಿ ಕೂತು ತಿನ್ನುವುದು ಎಂಬ ಪ್ರಶ್ನೆ ಹಾಗೇ ಉಳಿಯಿತು. ದಕ್ಷಿಣ ಭಾರತದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗೆ ಬೇರೆ ಜಾಗ, ಉಳಿದವರಿಗೆ ಬೇರೆ ಜಾಗ ಇರುತ್ತಿತ್ತು. ತಾತನಂಥವರಿಗೆ ಹಿಂದಿನ ಕಿಟಕಿ.

ಎಂಟಿಆರ್ ಕಥೆಯಲ್ಲಿ ನನಗೆ ಇಷ್ಟವಾಗುವ ತಿರುವು ಅಡುಗೆಮನೆಯದು. ಮಯ್ಯನವರು 1951ರಲ್ಲಿ ಯುರೋಪು ನೋಡಿ ಬಂದು ಚೊಕ್ಕತನಕ್ಕೆ ಬಿದ್ದರು. ಗಿರಾಕಿಗಳು ಅಡುಗೆಮನೆಯನ್ನು ಹಾದೇ ಊಟದ ಕೋಣೆಗೆ ಹೋಗುವ ರೂಢಿ ಅಲ್ಲಿ ಬಂತು. ಮಡಿಯ ಅಡುಗೆಮನೆ ಅಂದರೆ ಹೊರಗಿನವರು ಇಣುಕಬಾರದ ಜಾಗವಾಗಿದ್ದ ಊರಿನಲ್ಲಿ, ಬನ್ನಿ ನೋಡಿ ಅನ್ನುವುದು ಸಣ್ಣ ಮಾತಲ್ಲ. ಭರವಸೆ ಜಾತಿಯಿಂದ ಸೋಪು-ನೀರಿಗೆ ವರ್ಗವಾಯಿತು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಎಂದು ಆ ಮನೆಯವರು ಹೇಳುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿದಾಗ, ಗುಣ ಬಿಡಲಾರದೆ ಸಿದ್ಧ ಹಿಟ್ಟಿನ ಪೊಟ್ಟಣಗಳ ವ್ಯಾಪಾರಕ್ಕೆ ಇಳಿದರು. ಆ ಪೊಟ್ಟಣಗಳ ಕಂಪನಿ 2007ರಲ್ಲಿ ನಾರ್ವೆಯ ಆರ್ಕ್ಲಾ ಪಾಲಾಯಿತು. ಹೋಟೆಲು ಮಾತ್ರ ಮನೆಯವರ ಕೈಯಲ್ಲೇ ಉಳಿಯಿತು.

ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ, ಉರಾಳ ಸೋದರರಿಂದ. ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರೇ ಗಿರಾಕಿಗಳು, ಅದಕ್ಕೇ ಆ ಹೆಸರು. 1970ರಲ್ಲಿ ಅದನ್ನು ರಾಮಕೃಷ್ಣ ಅಡಿಗರು ಕೊಂಡರು. ಶುಕ್ರವಾರ ರಜೆ. ಪಂಚೆಯುಟ್ಟ ಸಪ್ಲೈಯರ್ ಒಂದು ಕೈಯ ಮೇಲೆ ದೋಸೆ ತಟ್ಟೆಗಳನ್ನು ಭುಜದವರೆಗೆ ಪೇರಿಸಿಕೊಂಡು ಬರುವುದನ್ನು ನೋಡಲೆಂದೇ ಜನ ಬರುತ್ತಾರೆ. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ಚಿತ್ರಗಳಿವೆ. ನಿಸಾರ್ ಅಹಮದ್ ಅವರು 1960ರಲ್ಲಿ ತಮ್ಮ ಮೊದಲ ಸಂಕಲನಕ್ಕೆ ‘ಮನಸು ಗಾಂಧಿ ಬಜಾರು’ ಎಂದು ಹೆಸರಿಟ್ಟಾಗ ಈ ಬೀದಿ ಆಗಲೇ ಸಾಹಿತ್ಯದ ಬೀದಿಯಾಗಿತ್ತು. ಮುಸ್ಲಿಂ ಕವಿಯೊಬ್ಬ ಈ ಬೀದಿಯನ್ನು ತನ್ನ ಮನಸ್ಸಿಗೆ ಹೆಸರಾಗಿ ಕೊಟ್ಟುಕೊಂಡಿದ್ದು ಬೀದಿಯ ಭಾಗ್ಯ.

ನಡುವೆ ಕಾನೂನು ಬಂತು. 1950ರ ಜನವರಿ 26ರಂದು ಜಾರಿಯಾದ ಸಂವಿಧಾನದ 15ನೇ ವಿಧಿ ಸಮಾನತೆಯ ದೊಡ್ಡ ಮಾತಿನ ಜೊತೆಗೆ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಂದು ಹೆಸರಿಟ್ಟೇ ಹೇಳುತ್ತದೆ. ಶಾಲೆಯಲ್ಲಿ ಅದನ್ನು ಓದುವಾಗ ಇಂಥ ಸಣ್ಣ ಪಟ್ಟಿ ಸಂವಿಧಾನದಲ್ಲಿ ಯಾಕೆ ಅಂದುಕೊಂಡಿದ್ದೆ. ತಾತನ ಕಿಟಕಿಯ ಕಥೆ ತಿಳಿದ ಮೇಲೆ ಆ ಪಟ್ಟಿಯ ಒಂದೊಂದು ಪದವೂ ಯಾರದೋ ಅನುಭವ ಅನ್ನಿಸಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದು, ಹೋಟೆಲಿನೊಳಗೆ ಬಿಡದಿರುವುದು ಶಿಕ್ಷೆಯಾಗಬಲ್ಲ ಅಪರಾಧವಾಯಿತು.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಜೊತೆಗೆ ಧಾರಾಳವಾಗಿ ಚಟ್ನಿ, ಸಾಂಬಾರ್ ಕೇಳಬಾರದು. ಫಲಕದಲ್ಲಿ ಹಳೆಯ ಪದ ಹಾಗೇ ಇದೆ. ಆದರೆ ಅಲ್ಲಿ ಎಲ್ಲರೂ ರಸ್ತೆಯಂಚಿನಲ್ಲಿ ನಿಂತೇ ತಿನ್ನುತ್ತಾರೆ. ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನಲ್ಲೂ ಹಾಗೆಯೇ. 1980ರ ದಶಕದಲ್ಲಿ ಊರು ತುಂಬ ಹಬ್ಬಿದ ದರ್ಶಿನಿಗಳು ನಿಂತು ತಿನ್ನುವುದನ್ನೇ ರೂಢಿ ಮಾಡಿದವು. ಕೂರಲು ಜಾಗವಿದ್ದರೆ ತಾನೇ ಯಾರ ಪಕ್ಕ ಯಾರು ಎಂಬ ಪ್ರಶ್ನೆ? ಜಾಗದ ಬಾಡಿಗೆ ಉಳಿಸಲು ಮಾಡಿದ ಉಪಾಯ, ಕಾನೂನು ಅರ್ಧ ಮಾಡಿದ್ದ ಕೆಲಸವನ್ನು ಸದ್ದಿಲ್ಲದೆ ಮುಂದುವರಿಸಿತು.

ಮಾಮೂಲ್‌ಪೇಟೆಗೆ ಹತ್ತಿರದ ಕಾಟನ್‌ಪೇಟೆಯಲ್ಲಿ ಎಸ್.ಜಿ. ರಾವ್ ಮಿಲಿಟರಿ ಹೋಟೆಲಿದೆ, 1908ರದ್ದು. ಎಂಟಿಆರ್‌ಗಿಂತ ಹಳೆಯದು. ಮಿಲಿಟರಿ ಹೋಟೆಲು ಅಂದರೆ ಬಾಡೂಟದ ಹೋಟೆಲು. ಊರಿನ ಹಳೆಯ ಮಿಲಿಟರಿ ಹೋಟೆಲುಗಳಲ್ಲಿ ಹಲವನ್ನು ನಡೆಸಿದವರು ಮರಾಠ ಕುಟುಂಬಗಳು. ಬಿರಿಯಾನಿ, ಕೈಮ, ಕಾಲುಸೂಪು. ಈ ಹೋಟೆಲುಗಳನ್ನೂ ಈಗ ಹೊಗಳಿ ಬರೆಯುತ್ತಾರೆ. ಆದರೆ ‘ಬೆಂಗಳೂರಿನ ತಿಂಡಿ’ ಎಂದಾಗ ಮೊದಲು ಬರುವ ಚಿತ್ರ ದೋಸೆಯದೇ. ವಿಮರ್ಶಕರು ಮೆಚ್ಚಿ ಬರೆಯುವಾಗ ‘ನಮ್ಮ ಬಾಲ್ಯದ ರುಚಿ’ ಎನ್ನುತ್ತಾರೆ. ಆ ‘ನಮ್ಮ’ ಎಂಬ ಪದದೊಳಗೆ ತಾತ ಇಲ್ಲ. ಅವರ ಬಾಲ್ಯದಲ್ಲಿ ದೋಸೆ ಹಬ್ಬಕ್ಕೂ ಇರಲಿಲ್ಲ.

ಹಾಗೆಂದು ನಾನು ಈ ಹೋಟೆಲುಗಳನ್ನು ಬಿಡಲಾರೆ. ಘಟ್ಟ ಹತ್ತಿ ಬಂದು ಪಾತ್ರೆ ತೊಳೆದ ಹುಡುಗನ ಬೆವರೂ ಆ ದೋಸೆಯಲ್ಲಿದೆ. ಒಂದೇ ಹದ, ಒಂದೇ ಚಟ್ನಿ, ಅಷ್ಟು ವರ್ಷ ಕೆಡದಂತೆ ಉಳಿಸುವುದು ತಪಸ್ಸೇ. ಹೊಗಳಿಕೆ ಅವರಿಗೆ ಸಲ್ಲಬೇಕಾದ್ದು. ನಾನು ಕೇಳುವುದಿಷ್ಟೆ: ಹೊಗಳುವಾಗ ಬಾಗಿಲಿನ ಕಥೆಯನ್ನೂ ಒಂದು ಸಾಲು ಬರೆಯಿರಿ.

ತಾತನನ್ನು ನಾನು ಒಂದೇ ಒಂದು ಸಲ ಬಸವನಗುಡಿಯ ಹೋಟೆಲೊಂದಕ್ಕೆ ಕರೆದುಕೊಂಡು ಹೋಗಿದ್ದೆ. ನಾನಾಗ ಕಾಲೇಜಿನಲ್ಲಿದ್ದೆ. ಅವರು ಎದುರಿಗೆ ಬಂದ ಮಸಾಲೆ ದೋಸೆಯನ್ನು ಪೂರ್ತಿ ತಿಂದು, ಕಾಫಿ ಕುಡಿದು, ಖಾಲಿ ಲೋಟ ಕೈಯಲ್ಲಿ ಹಿಡಿದುಕೊಂಡು ಎದ್ದುನಿಂತರು. ನಲ್ಲಿ ಎಲ್ಲಿದೆ ಎಂದು ಸುತ್ತ ನೋಡುತ್ತಿದ್ದರು. ಪಕ್ಕದಲ್ಲಿ ಹೋಗುತ್ತಿದ್ದ ಸಪ್ಲೈಯರ್ ‘ಕೊಡಿ ಯಜಮಾನ್ರೇ, ನಮ್ ಕೆಲ್ಸ ಅದು’ ಎಂದು ಲೋಟವನ್ನು ಅವರ ಕೈಯಿಂದ ತೆಗೆದುಕೊಂಡು ಉಳಿದ ಲೋಟಗಳ ಜೊತೆ ಟಬ್ಬಿಗೆ ಹಾಕಿಕೊಂಡು ಹೋದ. ತಾತ ಸ್ವಲ್ಪ ಹೊತ್ತು ಆ ಟಬ್ಬನ್ನೇ ನೋಡುತ್ತ ನಿಂತಿದ್ದರು.