ಮೌಲ್ಯದಿಂದ ಕಾಯ್ದೆಗೆ: ಕೆನಡಾದ ಆರೋಗ್ಯ ಸುಧಾರಣೆಯ ಒಂದು ಅಧ್ಯಯನ

ಆರೋಗ್ಯ ವ್ಯವಸ್ಥೆಯ ಸುಧಾರಣೆಯನ್ನು ಅನುದಾನ, ಹಾಸಿಗೆ, ಸಿಬ್ಬಂದಿಯ ಲೆಕ್ಕದಲ್ಲಿ ಅಳೆಯುವುದು ರೂಢಿ. ಜನ ಒಪ್ಪಿಕೊಂಡ ಮೌಲ್ಯಗಳ ಪಾಲೂ ಅದರಲ್ಲಿ ದೊಡ್ಡದೆಂಬುದಕ್ಕೆ ಕೆನಡಾ ಸಾಕ್ಷಿ. ಆದರೆ ಮೌಲ್ಯವು ಕಾಯ್ದೆಯ ಷರತ್ತಾಗಿ ಇಳಿದಾಗ ಮಾತ್ರ ರೋಗಿಗೆ ದಕ್ಕುತ್ತದೆ ಎಂಬುದು ಈ ಲೇಖನದ ವಾದ.

ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಟಾಮಿ ಡಗ್ಲಸ್ ಸರ್ಕಾರ 1947ರಲ್ಲಿ ಆಸ್ಪತ್ರೆ ವಿಮೆಯನ್ನು ಜಾರಿಗೆ ತಂದಿತು. 1962ರ ಜುಲೈ 1ರಂದು ವೈದ್ಯರ ಸೇವೆಗೂ ವಿಮೆ ವಿಸ್ತರಿಸಿದಾಗ ವೈದ್ಯರು 23 ದಿನ ಮುಷ್ಕರ ಹೂಡಿದರು. ಕೊನೆಗೆ ವೈದ್ಯರ ವೃತ್ತಿ ಸ್ವಾತಂತ್ರ್ಯ, ಸರ್ವರಿಗೂ ವಿಮೆ ಎರಡೂ ಉಳಿಯುವಂತೆ ರಾಜಿಯಾಯಿತು. ಮೌಲ್ಯದ ಬಗ್ಗೆ ಒಮ್ಮತ ಮೊದಲೇ ಸಿದ್ಧವಿರಲಿಲ್ಲ, ಜಗಳದ ನಡುವೆಯೇ ಅದು ರೂಪುಗೊಂಡಿತು.

ಮುಂದೆ ಇಡೀ ದೇಶಕ್ಕೆಂದು ಬಂದ 1984ರ ಕೆನಡಾ ಆರೋಗ್ಯ ಕಾಯ್ದೆ ಪ್ರಾಂತ್ಯಗಳ ವಿಮಾ ಯೋಜನೆಗಳಿಗೆ ಐದು ತತ್ವಗಳನ್ನು ವಿಧಿಸಿತು: ಸಾರ್ವಜನಿಕ ಆಡಳಿತ, ಸಮಗ್ರತೆ, ಸಾರ್ವತ್ರಿಕತೆ, ಪ್ರಾಂತ್ಯ ಬದಲಿಸಿದರೂ ತಪ್ಪದ ರಕ್ಷಣೆ, ಸುಲಭಲಭ್ಯತೆ. ಇವುಗಳಿಗೆ ಬಲ ಕೊಟ್ಟದ್ದು ಒಂದು ಸರಳ ಲೆಕ್ಕ. ವೈದ್ಯರು ರೋಗಿಯಿಂದ ಹೆಚ್ಚುವರಿ ಶುಲ್ಕ ಪಡೆದರೆ, ಅಷ್ಟೇ ಮೊತ್ತವನ್ನು ಕೇಂದ್ರ ಸರ್ಕಾರ ಆ ಪ್ರಾಂತ್ಯದ ಅನುದಾನದಿಂದ ಕಡಿತ ಮಾಡುತ್ತಿತ್ತು. ಮೂರು ವರ್ಷದೊಳಗೆ ಆ ವಸೂಲಿ ನಿಲ್ಲಿಸಿದ ಪ್ರಾಂತ್ಯಕ್ಕೆ ಕಡಿತದ ಹಣ ಮರಳುತ್ತಿತ್ತು. ಹಣವಿಲ್ಲದವನಿಗೂ ವೈದ್ಯರು ಸಿಗಬೇಕೆಂಬ ಆಶಯ ಹೀಗೆ ಖಜಾನೆಯ ನಿಯಮವಾಯಿತು.

2002ರಲ್ಲಿ, ಆರೋಗ್ಯ ಸೇವೆಯ ಭವಿಷ್ಯ ಕುರಿತು ಕೇಂದ್ರ ಸರ್ಕಾರ ನೇಮಿಸಿದ್ದ ರಾಯ್ ರೋಮನೋ ಆಯೋಗ ದೇಶದ ಹಲವೆಡೆ ನಾಗರಿಕರೊಡನೆ 12 ಸಂವಾದಗಳನ್ನು ನಡೆಸಿತು. ಪ್ರತಿಯೊಂದರಲ್ಲೂ ಸುಮಾರು 40 ಜನ ಇಡೀ ದಿನ ಕುಳಿತು ಚರ್ಚಿಸಿದರು. ಹೆಚ್ಚು ಸಾರ್ವಜನಿಕ ಹೂಡಿಕೆ, ಬಳಕೆದಾರರ ಶುಲ್ಕ, ಖಾಸಗಿ ಆಯ್ಕೆ, ಸೇವೆಯ ಮರುಸಂಘಟನೆ ಎಂಬ ನಾಲ್ಕು ದಾರಿಗಳು ಅವರ ಮುಂದಿದ್ದವು. ವೈದ್ಯರು, ದಾದಿಯರು ಒಟ್ಟಾಗಿ ನೋಡಿಕೊಳ್ಳುವ ತಂಡ ಪದ್ಧತಿಗೆ ನಾಗರಿಕರು ಒಲವು ತೋರಿದರು. ಹಣ ಆರೋಗ್ಯಕ್ಕೆಂದೇ ಮೀಸಲಾಗಿ, ಖರ್ಚಿನ ಲೆಕ್ಕ ಸಿಗುವುದಾದರೆ ಹೆಚ್ಚು ತೆರಿಗೆ ಕಟ್ಟಲೂ ಸಿದ್ಧರಾದರು. ಸಮಾನತೆಯ ಮೌಲ್ಯವನ್ನು ಬಿಡದೆ ಬದಲಾವಣೆಯನ್ನು ಒಪ್ಪಲು ಜನ ತಯಾರಿದ್ದರೆಂಬುದು ಇದರಿಂದ ಸ್ಪಷ್ಟ. ಆಯೋಗ ಉತ್ತರದಾಯಿತ್ವವನ್ನು ಆರನೆಯ ತತ್ವವಾಗಿ ಸೇರಿಸಲು ಶಿಫಾರಸು ಮಾಡಿತು. ಕಾಯ್ದೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

1984ರ ಕಾಯ್ದೆಯ ಚೌಕಟ್ಟಿನ ಮಿತಿಯೂ ಗಂಭೀರವಾದುದು. ಕಾಯ್ದೆಯ ರಕ್ಷಣೆ ಮುಖ್ಯವಾಗಿ ಆಸ್ಪತ್ರೆ ಮತ್ತು ವೈದ್ಯರ ಸೇವೆಗೆ ಸೀಮಿತ. ಮಧುಮೇಹಿಗೆ ವೈದ್ಯರ ಭೇಟಿ ಉಚಿತವಾದರೂ, ಅವರು ಬರೆದುಕೊಟ್ಟ ಔಷಧಿಗೆ ಈ ಕಾಯ್ದೆಯಲ್ಲಿ ಆ ಖಾತ್ರಿಯಿಲ್ಲ. ಈ ಕೊರತೆ ನೀಗಲು ಬಂದ 2024ರ ಔಷಧ ಕಾಯ್ದೆ ಮೊದಲ ಹಂತದಲ್ಲಿ ಮಧುಮೇಹ ಮತ್ತು ಗರ್ಭನಿರೋಧಕ ಔಷಧಿಗಳತ್ತ ಗಮನ ಹರಿಸಿದೆ. ಮೌಲ್ಯ ಒಪ್ಪಿತವಾಗಿದ್ದರೂ ಷರತ್ತು ಬರೆಯಲು ದಶಕಗಳೇ ಹಿಡಿದವು. ಆದ್ದರಿಂದ ಸುಧಾರಕರು ಮೌಲ್ಯಗಳನ್ನು ಘೋಷಿಸಿ ಸುಮ್ಮನಾಗಬಾರದು. ಪ್ರತಿ ಮೌಲ್ಯಕ್ಕೂ ಯಾವ ಸೇವೆ, ಯಾರ ಹಣ, ತಪ್ಪಿದರೆ ಯಾವ ದಂಡ ಎಂಬುದನ್ನು ಕಾಯ್ದೆಯಲ್ಲೇ ಬರೆಯಬೇಕು.