ಕೂಲಿ, ಜಮೀನು, ಸಾಲ: ದಲಿತ ಸಾಹಿತ್ಯ ವಿಮರ್ಶೆ ಕೈಬಿಟ್ಟ ಲೆಕ್ಕ

ಕನ್ನಡ ದಲಿತ ಸಾಹಿತ್ಯದ ಮೇಲೆ ಈಚೆಗೆ ನಡೆಯುವ ವಿಚಾರ ಸಂಕಿರಣಗಳಲ್ಲಿ ನೋವು, ಅವಮಾನ, ಅಸ್ಮಿತೆ ಎಂಬ ಮಾತುಗಳು ತಪ್ಪದೆ ಕೇಳಿಬರುತ್ತವೆ. ಅಮೆರಿಕದ ಕಪ್ಪು ಜನರ ಬರಹದ ಜೊತೆ ಮಾಡುವ ಹೋಲಿಕೆಯೂ ಅಲ್ಲಿಗೇ ಬಂದು ನಿಲ್ಲುತ್ತದೆ. ಆ ಪರಂಪರೆಯ ದೊಡ್ಡ ಚಿಂತಕ ಡುಬಾಯ್ಸ್ 1935ರಷ್ಟು ಹಿಂದೆಯೇ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’ ಗ್ರಂಥದಲ್ಲಿ ಬಿಡುಗಡೆಗೊಂಡ ಗುಲಾಮರ ದುಡಿಮೆ ಮತ್ತು ಭೂಮಿಯ ಪ್ರಶ್ನೆಯನ್ನು ಚರಿತ್ರೆಯ ನಡುವೆ ತಂದಿಟ್ಟರು ಎಂಬುದನ್ನು ಯಾರೂ ನೆನೆಯುವುದಿಲ್ಲ. ನಮ್ಮಲ್ಲೂ ಈ ಸಾಹಿತ್ಯ ಹುಟ್ಟಿದ್ದು ಜಮೀನು, ಕೂಲಿ, ಜೀತದ ಜಗಳದ ಒಳಗೆ. ಅದನ್ನು ಬಿಟ್ಟು ಓದಿದರೆ ಅರ್ಧ ಓದಿದಂತೆ.

ಮೊದಲ ಘಟ್ಟದಲ್ಲಿ ಎದ್ದು ನಿಲ್ಲುವುದು ಶಿವರಾಮ ಕಾರಂತರ ‘ಚೋಮನ ದುಡಿ’ (1933). ಚೋಮನ ಬಳಿ ಎತ್ತುಗಳಿವೆ, ಉಳಲು ಗದ್ದೆಯಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಅನುಕಂಪದ ಕಾದಂಬರಿ ಎಂದು ನಮ್ಮ ಕಾಲದವರು ಇದನ್ನು ಬದಿಗೆ ಸರಿಸಿದ್ದುಂಟು. ಆದರೆ ಸಾಲ ಮತ್ತು ತೋಟದ ಕೂಲಿ ಒಂದು ಮನೆಯನ್ನು ಮುರಿಯುವ ಬಗೆಯನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಕೃತಿ ಆ ದಶಕದಲ್ಲಿ ಇಲ್ಲ. ಪ್ರಗತಿಶೀಲರು ದುಡಿಯುವವರ ಪರ ಬರೆದರು, ಜಾತಿಯ ಪ್ರಶ್ನೆ ಬಂದಾಗ ಮೆಲ್ಲಗೆ ದಾಟಿಕೊಂಡರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಗುತ್ತಿ, ತಿಮ್ಮಿಯರನ್ನು ನಾಯಕ ನಾಯಕಿಯರ ಸಾಲಿಗೆ ತಂದಿತು. ಒಡೆಯನ ಹಂಗಿನ ಆಳಿಗೆ ಮದುವೆಯೂ ತನ್ನ ಕೈಯಲ್ಲಿಲ್ಲ ಎಂಬುದನ್ನು ಮಲೆನಾಡಿನ ಮಳೆಯ ಜೊತೆಯಲ್ಲೇ ಹೇಳಿತು. ನವ್ಯರಿಗೆ ವ್ಯಕ್ತಿಯ ಒಳಗುದಿ ಮುಖ್ಯವಾಯಿತು. ಅವರ ಕಥಾನಾಯಕರು ಸಂಬಳ ಎಣಿಸಿದ್ದು ಕಡಿಮೆ.

1973ರ ಬೂಸಾ ಪ್ರಕರಣದಿಂದ ನಮ್ಮ ತಲೆಮಾರಿನ ಕಥೆ ಶುರುವಾಗುತ್ತದೆ. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ‘ಬೂಸಾ’ ಎಂದು ಆಡಿದ ಒಂದು ಮಾತಿಗೆ ಊರೂರು ಹತ್ತಿ ಉರಿಯಿತು, ಅವರು ಅಧಿಕಾರ ಬಿಡಬೇಕಾಯಿತು. ಸಾಹಿತ್ಯ ಚರಿತ್ರೆಕಾರರು ಆ ಮಾತನ್ನು ನೆನಪಿಟ್ಟಿದ್ದಾರೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆದೇಶ ಹೊರಡಿಸಿದವರೂ ಅವರೇ ಎಂಬುದು ಅಡಿಟಿಪ್ಪಣಿಗೂ ಬರುವುದಿಲ್ಲ. ಆ ಗಲಭೆಯಿಂದ ಎಚ್ಚೆತ್ತ ಹುಡುಗರು ಭದ್ರಾವತಿಯ ಪ್ರೊ. ಬಿ. ಕೃಷ್ಣಪ್ಪನವರ ಜೊತೆ ಸೇರಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಹಗಲು ತಾಲ್ಲೂಕು ಕಚೇರಿಯ ಮುಂದೆ ಧರಣಿ, ರಾತ್ರಿ ಕೇರಿಯಲ್ಲಿ ಹಾಡು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಪುಸ್ತಕದಂಗಡಿಗಿಂತ ಮೊದಲು ಮೆರವಣಿಗೆಗಳನ್ನು ಮುಟ್ಟಿದ್ದು ಹೀಗೆ. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಗೋಷ್ಠಿಗೆ ಜಾಗವಿಲ್ಲವೆಂದಾಗ 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನವೇ ನಡೆಯಿತು.

ಇದೇ ಹೊತ್ತಿಗೆ ಭೂಮಿಯ ಕಾನೂನೂ ಬದಲಾಗುತ್ತಿತ್ತು. ದೇವರಾಜ ಅರಸರ ಭೂ ಸುಧಾರಣೆ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು. ಗೇಣಿದಾರರು ಏಳನೇ ನಮೂನೆ ತುಂಬಿ, ಕರಾವಳಿಯವರು ಡಿಕ್ಲರೇಷನ್ ಎನ್ನುವ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು ಒಡೆಯರಾದರು. ದೊಡ್ಡ ಬದಲಾವಣೆಯೇ ಅದು, ಅಲ್ಲಗಳೆಯಲಾಗದು. ಆದರೆ ಚೋಮ ಅಲ್ಲಿಯವರೆಗೆ ಬದುಕಿದ್ದರೂ ಆ ಅರ್ಜಿ ತುಂಬಲಾಗುತ್ತಿರಲಿಲ್ಲ. ಅವನು ಗೇಣಿದಾರನಲ್ಲ, ಆಳು. ಗೇಣಿಚೀಟಿ ಇಲ್ಲದ ಜೀತದವರು, ಕೂಲಿಯವರು ಆ ಸಾಲಿನಿಂದ ಬಹುಪಾಲು ಹೊರಗೇ ಉಳಿದರು. ದಲಿತ ಬರಹದ ಸಿಟ್ಟನ್ನು ಅರಿಯಲು ಈ ಒಂದು ಸಂಗತಿ ಸಾಕು, ಆದರೂ ಯಾವ ಪಠ್ಯಪುಸ್ತಕದ ಮುನ್ನುಡಿಯಲ್ಲೂ ಇದನ್ನು ನಾನು ಕಂಡಿಲ್ಲ.

ದೇವನೂರ ಮಹಾದೇವರ ‘ಒಡಲಾಳ’ವನ್ನು ಹೀಗೆ ಓದಿ ನೋಡಬೇಕು. ಸಾಕವ್ವನ ಮನೆಗೆ ಕದ್ದ ಕಡಲೆಕಾಯಿ ಬರುತ್ತದೆ. ಮುದುಕಿಯಿಂದ ಮಕ್ಕಳವರೆಗೆ ಎಲ್ಲರೂ ಸುತ್ತ ಕೂತು ಸುಲಿದು ತಿನ್ನುತ್ತಾರೆ, ಮಾತು ನಗು ನಡೆಯುತ್ತದೆ, ಸಿಪ್ಪೆ ಬೆಂಕಿಗೆ ಹೋಗುತ್ತದೆ. ಆಮೇಲೆ ಪೊಲೀಸರು ಬರುತ್ತಾರೆ. ಆ ರಾತ್ರಿಯ ಸಂಭ್ರಮವನ್ನು ವಿಮರ್ಶಕರು ಜೀವನಪ್ರೀತಿ ಎಂದು ಕೊಂಡಾಡಿದರು. ಸರಿಯೇ. ಬೆಳೆ ತೆಗೆದವರ ಹೊಟ್ಟೆಗೆ ಅದು ಕಳ್ಳಮಾಲಾಗಿಯೇ ಬರಬೇಕು ಎಂಬ ವ್ಯವಸ್ಥೆಯ ಚಿತ್ರವೂ ಅದೇ ಅಲ್ಲವೇ? 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರದೇ ‘ಕುಸುಮಬಾಲೆ’ಗೂ ಹೀಗೇ ಆಯಿತು. ಜೋತಮ್ಮಗಳ ಬಗ್ಗೆ, ಮಾತಾಡುವ ಮಂಚದ ಬಗ್ಗೆ ಪುಟಗಟ್ಟಲೆ ಬರೆದವರು ಕಾದಂಬರಿಯಲ್ಲಿರುವ ಆಸ್ತಿಯ ಕಥೆಗೆ ಒಂದು ಪ್ಯಾರಾ ಕೊಡಲಿಲ್ಲ.

ಸಮಾಜಶಾಸ್ತ್ರದವರು ಇಲ್ಲಿ ನಮಗಿಂತ ಮುಂದಿದ್ದರು. ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಕೂತು ಬರೆದ ಪುಸ್ತಕ 1962ರಲ್ಲೇ ಬಂತು. ನಾಲೆ ನೀರು ಬಂದು ಕಬ್ಬು ಬೆಳೆದ ಹಳ್ಳಿಯಲ್ಲಿ ಒಕ್ಕಲಿಗರಿಗೂ ಕೇರಿಯವರಿಗೂ ಇದ್ದ ಹಳೆಯ ಆಳು-ಒಡೆಯ ನಂಟು ಹಾಗೇ ಉಳಿಯಿತು. ನೀರು ಸಿಗದೆ ಜನ ಪೇಟೆಯ ಕಸುಬುಗಳತ್ತ ಹೊರಳಿದ ಹಳ್ಳಿಯಲ್ಲಿ ಅದು ಕಡಿದುಬಿತ್ತು ಎಂದು ಆಕೆ ತೋರಿಸಿದರು. ನಮ್ಮ ಸಾಹಿತ್ಯ ವಿಮರ್ಶೆ ಇದನ್ನು ಕೈಗೆತ್ತಿಕೊಂಡಿದ್ದರೆ ಹಳೇ ಮೈಸೂರಿನ ಕಥೆಗಳನ್ನು ಬೇರೆಯೇ ಕಣ್ಣಿನಿಂದ ಓದುತ್ತಿತ್ತು.

ತೊಂಬತ್ತರ ದಶಕದಲ್ಲಿ ಆತ್ಮಕಥನಗಳು ಬಂದವು: ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’. ವಿಮರ್ಶಕ ಡಿ.ಆರ್. ನಾಗರಾಜ್ ಸಮುದಾಯದ ದೇವರು, ಕಲೆ, ನೆನಪುಗಳ ಕಡೆಗೆ ಚರ್ಚೆಯನ್ನು ತಿರುಗಿಸಿದರು. ಅವರು ಆಳದ ಓದುಗರು, ಬೇಗ ಹೋದರು. ಅವರ ಹಿಂದೆ ಬಂದವರು ಸಂಸ್ಕೃತಿಯನ್ನು ಹಿಡಿದುಕೊಂಡು ಕೂಲಿಯನ್ನು ಕೈಬಿಟ್ಟರು. ಗೀತಾ ನಾಗಭೂಷಣ ಮತ್ತು ಚೆನ್ನಣ್ಣ ವಾಲೀಕಾರರು ತಂದ ಕಲಬುರಗಿ ಕಡೆಯ ದುಡಿಯುವವರ ಲೋಕ ಬೆಂಗಳೂರಿನ ವಿಮರ್ಶೆಗೆ ಇಂದಿಗೂ ಪೂರ್ತಿ ದಕ್ಕಿಲ್ಲ.

ಬರೆಯದೆ ಉಳಿದದ್ದು ಇನ್ನೂ ದೊಡ್ಡದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರರ ಪಾಲಾಗಬಾರದೆಂದು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಜಮೀನು ವಾಪಸ್ ಕೇಳಿದ ಹಲವರು ತಡವಾಗಿ ಬಂದಿರೆಂಬ ಕಾರಣಕ್ಕೆ ಕೋರ್ಟಿನಲ್ಲಿ ಸೋತರು. 2023ರಲ್ಲಿ ಕಾಲಮಿತಿ ಅನ್ವಯಿಸದಂತೆ ತಿದ್ದುಪಡಿಯಾಯಿತು. ಈ ನಡುವೆ ಬೆಂಗಳೂರಿನ ಸುತ್ತ ಅಂಥ ಜಮೀನುಗಳ ಮೇಲೆ ಬಡಾವಣೆಗಳು ಎದ್ದವು. ಇದರ ಕಾದಂಬರಿ ಎಲ್ಲಿದೆ? ಗುತ್ತಿಗೆ ಪೌರಕಾರ್ಮಿಕರ ನಡುವೆ ದುಡಿದ ದು. ಸರಸ್ವತಿಯವರಂಥ ಕೆಲವರನ್ನು ಬಿಟ್ಟರೆ ಕಸ ಗುಡಿಸುವ ಹೆಣ್ಣುಮಕ್ಕಳ ದಿನ ಹೇಗೆ ಕಳೆಯುತ್ತದೆ ಎಂದು ಬರೆದವರಾರು? ಗಾರ್ಮೆಂಟ್ಸ್‌ಗೆ ಬಸ್ ಹತ್ತುವ ಕೇರಿಯ ಹುಡುಗಿಯ ಸಂಬಳದಲ್ಲಿ ಊರಿನ ಸಾಲಕ್ಕೆ ಎಷ್ಟು ಹೋಗುತ್ತದೆ?

ದಲಿತ ಸಾಹಿತ್ಯದ ಮೇಲೆ ಪಿಎಚ್‌.ಡಿ. ಮಾಡಲು ಹೊರಟವರಲ್ಲಿ ನನ್ನದೊಂದು ಕೋರಿಕೆ ಇದೆ. ಇನ್ನೊಂದು ‘ನೋವಿನ ಅಭಿವ್ಯಕ್ತಿ’ ಪ್ರಬಂಧ ಬೇಡ. ಒಂದು ಕೃತಿಯನ್ನು ಆರಿಸಿಕೊಳ್ಳಿ, ಅದು ಹುಟ್ಟಿದ ಊರಿಗೆ ಹೋಗಿ, ಅಲ್ಲಿನ ಹಳೆಯ ಪಹಣಿ ತೆಗೆಸಿ, ಜೀತವಿದ್ದ ಮುದುಕರು ಇನ್ನೂ ಇದ್ದರೆ ಅವರ ಮಾತು ಬರೆದುಕೊಳ್ಳಿ. ಆಮೇಲೆ ಕೃತಿಯನ್ನು ಮತ್ತೆ ಓದಿ.